ಮಸಗುಪ್ಪಿಯ ಪಟ್ಟಿ ಸೈಕಲ್

ನವೆಂಬರ್ 18, 2024

ಟೈರ್ ಕಂಪನಿಯವರು ಪುಕ್ಕಟೆ ಕೊಟ್ಟ ಡೈರಿ ಹತ್ತು ತಿಂಗಳಿಂದ ಖಾಲಿ ಬಿದ್ದಿತ್ತು. ಇವತ್ತು ಅದಕ್ಕೊಂದು ಕೆಲಸ ಸಿಕ್ಕಿದೆ.

ಮೂಡಲಗಿಯ ಹಳೆಯ ಸೈಕಲ್ ಅಂಗಡಿಯನ್ನು ಮಾಲೀಕರಿಗೆ ಬಿಟ್ಟುಕೊಟ್ಟೆ. ಮೂವತ್ತೊಂದು ವರ್ಷದ ಹಿಂದೆ ಒಂದು ಪಂಪು, ಎರಡು ಪಾನಾ, ಪಂಕ್ಚರ್ ನೋಡಲು ಒಂದು ನೀರಿನ ಬೋಗುಣಿ ಇಟ್ಟುಕೊಂಡು ನಾನು ಶುರು ಮಾಡಿದ ಜಾಗ. ಯಮಕನಮರಡಿಯಲ್ಲಿ ಹೆದ್ದಾರಿಯ ಬಾಜೂ ಲಾರಿ ಟೈರಿನ ಅಂಗಡಿ ಹಾಕಿದ ಮೇಲೆ ಅದು ಬರೀ ಗೋದಾಮು, ಬಾಡಿಗೆ ದಂಡ. ಅಟ್ಟ ಖಾಲಿ ಮಾಡುವಾಗ ಗೋಣಿಚೀಲಗಳ ಕೆಳಗೆ ಒಂದು ಸೈಕಲ್ ಸಿಕ್ಕಿತು. ಸಿಕ್ಕಿತು ಅನ್ನುವುದು ಸುಳ್ಳು. ಅಲ್ಲಿದೆ ಎಂದು ನನಗೆ ಗೊತ್ತಿತ್ತು.

ರೇಸಿನ ಸೈಕಲ್. ಟಗರಿನ ಕೊಂಬಿನ ಹಾಗೆ ಕೆಳಗೆ ಬಾಗಿದ ಹ್ಯಾಂಡಲ್, ತೆಳ್ಳಗಿನ ಗಾಲಿ. ಈಗ ಬಾವಿಯಿಂದ ಎತ್ತಿದ ಸಾಮಾನಿನಂತೆ ತುಕ್ಕು ತಿಂದಿದೆ. ಗುಜರಿಗೆ ಹಾಕುವವನಿದ್ದೆ. ಮಗಳು ಸಮ್ರೀನ ಫೋನಿನಲ್ಲಿ ಏನೋ ಹುಡುಕಿ ತೋರಿಸಿದಳು: "ಅಬ್ಬಾ, ಇಂಥಾವು ಬೆಳಗಾವ್ಯಾಗ ಹದಿನೈದ ಸಾವಿರಕ್ಕ ಹೊಕ್ಕಾವ. ಹಳೇದಿದ್ದಷ್ಟೂ ಚಲೋ ಅಂತಾರ."

ಹದಿನೈದು ಸಾವಿರ ಅಂದ ಕೂಡಲೇ ತುಕ್ಕು ಸ್ವಲ್ಪ ಕಡಿಮೆ ಕಂಡಿತು.

ಅಂಗಡಿಗೆ ತಂದ ಅಲೈನ್‌ಮೆಂಟ್ ಮಶೀನಿನ ಸಾಲದ ಕಂತು ನಡೆದಿರುವುದರಿಂದ ತಿಜೋರಿಯ ಕೀಲಿ ಸದ್ಯ ಹೆಂಡತಿ ನಾಜಿಯಾಳ ಸೊಂಟದಲ್ಲಿದೆ. ಮೂರು ಸಾವಿರ ಎಣಿಸಿ ಕೊಟ್ಟಳು. "ಇದರ ಮ್ಯಾಲೆ ಒಂದ ರೂಪಾಯಿ ದಾಟಿದ್ರ ಆ ಸೈಕಲ್ ಮ್ಯಾಲೆನ ಮಲಗ್ರಿ," ಅಂದಳು. ಮೂವತ್ತು ವರ್ಷ ಲೆಕ್ಕ ಕಲಿಸಿದ್ದು ನಾನೇ. ಈಗ ಯಾರನ್ನು ದೂರಲಿ?

ನವೆಂಬರ್ 20

ಸೈಕಲ್ಲಿನ ಪೂರ್ವಾಪರ ಬರೆದಿಡುವುದು ಒಳ್ಳೆಯದು. ಮಾರುವಾಗ ಗಿರಾಕಿ ಕೇಳುತ್ತಾನೆ.

1995ರಲ್ಲಿ ಮೂಡಲಗಿ ಹತ್ತಿರದ ಹಳ್ಳಿ ಮಸಗುಪ್ಪಿಯವರು ಮನೆಮನೆಗೆ ಪಟ್ಟಿ ಎತ್ತಿ, ಬಂದ ಹಣದಲ್ಲಿ ಬೆಳಗಾವಿಯಿಂದ ಇದನ್ನು ಸೆಕೆಂಡ್ ಹ್ಯಾಂಡ್ ತಂದರು. ಆಗಿನ ಸೈಕಲ್ ಶರ್ಯತ್ತಿನಲ್ಲಿ ಮೂರು ವರ್ಷದಿಂದ ಗೋಕಾಕದವರೇ ಗೆಲ್ಲುತ್ತಿದ್ದರು, ಮಸಗುಪ್ಪಿಗೆ ಅದು ನುಂಗಲಾರದ ತುತ್ತು. ಓಡಿಸಲು ಬೀರಸಿದ್ದಪ್ಪ. ನನ್ನ ಸಾಲಿ ಗೆಳೆಯ, ದಿನಾ ಹಾಲಿನ ಕ್ಯಾನು ಹೇರಿಕೊಂಡು ಮೂಡಲಗಿಗೆ ಸೈಕಲ್ ತುಳಿಯುತ್ತಿದ್ದವನು. ಸೈಕಲ್ ತಯಾರು ಮಾಡಿಕೊಡುವ ಕೆಲಸ ನನ್ನದು.

ಗೋಕಾಕಕ್ಕೆ ಹೋಗಿ ತಿರುಗಿ ಬರಬೇಕು. ಊರ ಅಗಸಿ ಬಾಗಿಲು ಕಾಣುವಷ್ಟು ಹತ್ತಿರ ಬಂದಿದ್ದ, ಹಿಂದಿನವನಿಗಿಂತ ಎರಡು ಹೊಲದಷ್ಟು ಮುಂದಿದ್ದ. ಎದ್ದು ನಿಂತು ತುಳಿಯುವಾಗ ಬಿದ್ದ. "ಪೆಡಲ್ ಸರೀತು" ಅಂದ. ಗೋಕಾಕದವರ ರೊಕ್ಕ ತಿಂದು ಬಿದ್ದ ಎಂದು ಊರು ಅಂದಿತು.

ಮರುದಿನ ಬೆಳಿಗ್ಗೆ ಹಿರಿಯ ಬಸವಣ್ಣೆಪ್ಪನವರು ಮತ್ತೆ ಮೂವರು ಸೈಕಲ್ಲನ್ನು ನನ್ನ ಅಂಗಡಿಗೆ ತಂದರು. "ನೀ ಮಿಸ್ತ್ರಿ ಅದಿ, ನೋಡಿ ಹೇಳು," ಅಂದರು. ಎತ್ತಿ ಹಿಡಿದು ಪೆಡಲ್ ತಿರುವಿದೆ. "ಬರೋಬ್ಬರಿ ಐತ್ರಿ" ಅಂದೆ. ಅದರಲ್ಲಿ ನನ್ನದೇನು? ಕೇಳಿದರು, ಹೇಳಿದೆ. ಆ ಸೈಕಲ್ಲನ್ನು ಮತ್ತೆ ಯಾರೂ ಒಯ್ಯಲು ಬರಲಿಲ್ಲ.

ಆಮೇಲೆ ಒಂದು ಸಂಜೆ ಬೀರಸಿದ್ದಪ್ಪ ಬಂದಿದ್ದ. "ನಬಿ, ಒಮ್ಮೆ ಬಿಚ್ಚಿ ನೋಡೋ" ಅಂದ. "ನೋಡತೇನಿ" ಅಂದೆ. ಗಿರಾಕಿ ಬಹಳ ಇದ್ದರು. ಆರು ತಿಂಗಳಲ್ಲಿ ಅವನು ಊರು ಬಿಟ್ಟ. ಗೋಕಾಕ ಫಾಲ್ಸ್ ಊರಿನಲ್ಲಿ ಹಿಟ್ಟಿನ ಗಿರಣಿ ಹಾಕಿದ್ದಾನಂತೆ. ಇಪ್ಪತ್ತೊಂಬತ್ತು ವರ್ಷದಿಂದ ನಮ್ಮಿಬ್ಬರಲ್ಲಿ ಮಾತಿಲ್ಲ, ಜಗಳವೂ ಇಲ್ಲ.

ಇಷ್ಟೆಲ್ಲ ಗಿರಾಕಿಗೆ ಬೇಕಾಗಿಲ್ಲ. 'ಹಳೆಯ ರೇಸ್ ಸೈಕಲ್, ಒಬ್ಬನೇ ಓಡಿಸಿದ್ದು.' ಅಷ್ಟು ಸಾಕು.

ನವೆಂಬರ್ 27

ತುಕ್ಕು ತೆಗೆಯಲು ಅಂಗಡಿಯ ಡೀಸೆಲ್ಲು, ತಂತಿಯ ಬ್ರಶ್ಶು. ಖರ್ಚಿಲ್ಲ. ರಿಮ್ಮಿಗೆ ಹುಣಸೆಹಣ್ಣು ತಿಕ್ಕಿದರೆ ಹೊಳಪು ಬರುತ್ತದೆ ಎಂಬುದು ನನ್ನ ಹಳೆಯ ವಿದ್ಯೆ. ನಾಜಿಯಾ ಡಬ್ಬಿ ತೆರೆದು ನೋಡಿ, "ಸಾರಿಗಿ ಹುಣಸಿಹಣ್ಣ ಇಲ್ಲ, ಸೈಕಲ್ಲಿಗಿ ಐತಿ. ಇವತ್ತ ಸೈಕಲ್ಲಿಗೇ ಊಟಕ್ಕ ಬಡಸ್ತೇನಿ," ಅಂದಳು.

ಬ್ರೇಕಿಗೆ ಮೋಟರ್ ಸೈಕಲ್ಲಿನ ಹಳೆಯ ಕ್ಲಚ್ ವೈರ್ ಬಿಡಿಸಿ ಹಾಕಿದೆ. ಚೈನನ್ನು ಮೂರು ದಿನ ಎಣ್ಣೆಯಲ್ಲಿ ಮುಳುಗಿಸಿಟ್ಟೆ. ಕೊಂಡಿ ಕೊಂಡಿ ಬಾಗತೊಡಗಿದೆ. ಟೈರು ಮಾತ್ರ ತಲೆನೋವು. ಗೋಕಾಕದ ಅಂಗಡಿಯವ, "ಆ ಸೈಜ್ ಹೋಗಿ ಇಪ್ಪತ್ತ ವರ್ಷ ಆತ್ರಿ ಸಾವ್ಕಾರ, ಮ್ಯೂಸಿಯಮ್ಮಿಗೆ ಹೋಗ್ರಿ" ಎಂದು ನಕ್ಕ. ದಿನಕ್ಕೆ ನೂರು ಟೈರು ನೋಡುವ ನನಗೆ ಎರಡು ಟೈರು ಸಿಗಲಿಲ್ಲ. ಕೊನೆಗೆ ಹುಕ್ಕೇರಿಯಲ್ಲಿ ಒಬ್ಬ ಮುದುಕರ ಅಂಗಡಿಯ ಗೂಟಕ್ಕೆ ಒಂದು ಜೋಡಿ ತೂಗುತ್ತಿತ್ತು. ಸಾವಿರ ಹೇಳಿದರು. ಧೂಳು ಒರೆಸಿ ತೋರಿಸಿ, "ಕಾಕಾ, ಇವು ನಿಮ್ಮ ಮದಿವಿ ಕಾಲದ್ವು" ಅಂದೆ. ಏಳುನೂರಕ್ಕೆ ಬಂತು.

ಇಲ್ಲಿಯವರೆಗೆ 1,140.

ಡಿಸೆಂಬರ್ 5

ತುಕ್ಕಿನ ಕೆಳಗೆ ಹಸಿರು ಬಣ್ಣ ಬಂತು. ಗಿಳಿಹಸಿರು. ಅದು ಹಸಿರು ಎಂಬುದೇ ಮರೆತುಹೋಗಿತ್ತು. ಹೊಸ ಬಣ್ಣ ಹೊಡೆಸುವುದು ಬೇಡ ಎಂದಳು ಸಮ್ರೀನ. ಉಳಿತಾಯ.

ಹ್ಯಾಂಡಲ್ಲಿಗೆ ಹಳೆಯ ಟ್ಯೂಬ್ ಪಟ್ಟಿ ಕತ್ತರಿಸಿ ಸುತ್ತಿದೆ. ಸೀಟು ಇನ್ನೂ ಕಿತ್ತು ಬರುತ್ತಿಲ್ಲ.

ಡಿಸೆಂಬರ್ 15

ಮಸಗುಪ್ಪಿಯ ಯುವಕ ಮಂಡಳದ ಸಾಗರ ಬಂದಿದ್ದ. ಇಪ್ಪತ್ತೈದರ ಪ್ರಾಯ, ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ ಇಟ್ಟಿದ್ದಾನೆ, ನನ್ನ ಹತ್ತಿರ ಟೈರು ಒಯ್ಯುತ್ತಾನೆ.

"ಕಾಕಾ, ಛಬ್ಬೀಸ ಜನವರಿಗೆ ನಮ್ಮೂರಾಗ ಸೈಕಲ್ ಶರ್ಯತ್ತ ಮತ್ತ ಚಾಲೂ ಮಾಡಾಕತ್ತೇವ್ರಿ. ಮುಖ್ಯ ಅತಿಥಿ ನೀವ. ಐದ ಸಾವಿರ ದೇಣಿಗಿ."

"ಅತಿಥಿ ಅಂದ್ರ ನಾ ಉಣ್ಣಾಕ ಬರಬೇಕಲ್ಲೋ. ನೀ ಉಣಸಾಕ ಕರಿಯಾಕತ್ತೀಯಲ್ಲ."

ನಕ್ಕ. ಅಷ್ಟರಲ್ಲಿ ಮೂಲೆಯಲ್ಲಿದ್ದ ಸೈಕಲ್ ಕಂಡಿತು. "ಇದು ಆ ಬೀರಸಿದ್ದಂದು ಹೌದಲ್ರಿ? ಅಯ್ಯೋ, ಇದನ್ನ ಸ್ಟೇಜ್ ಮ್ಯಾಲ ಇಡೂಣ್ರಿ ಕಾಕಾ, ಮಂದಿ ನಕ್ಕ ನಕ್ಕ ಸಾಯ್ತಾರ. ಈಗೂ ಕಬಡ್ಡ್ಯಾಗ ಯಾವನರ ಬೇಕಂತ ಔಟ್ ಆದ್ರ 'ಬೀರಸಿದ್ದ ಆದ' ಅಂತೇವ್ರಿ ನಾವು. ನೀವು ಕೇಳೀರಿಲ್ಲ? 'ಸೈಕಲ್ ಬಿದ್ದಿಲ್ಲಪಾ, ಅಂವಾ ಇಳದಾನ!'"

ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ಶರ್ಯತ್ತು ಆದಾಗ ಅವನು ಹುಟ್ಟಿರಲಿಲ್ಲ.

ಆ ಮಾತು ನನ್ನದು. ಶರ್ಯತ್ತಿನ ಮೂರನೆಯ ದಿನ, ಅಂಗಡಿ ತುಂಬ ಜನ ಇದ್ದಾಗ, ಯಾರೋ ಒಬ್ಬ "ಏನಪಾ ನಬಿಲಾಲ, ನೀ ಮಾಡಿದ ಸೈಕಲ್ ಬಿತ್ತಂತಲ್ಲ?" ಎಂದು ಕೆಣಕಿದ. ಉತ್ತರ ಬೇಕಿತ್ತು, ಹೇಳಿದೆ. ನಕ್ಕರು. ಮರುದಿನ ಬಂದವರಿಗೂ ಹೇಳಿದೆ, ಅದರ ಮರುದಿನವೂ. ಚಲೋ ಓಡಿತು ಮಾತು.

ನಾನು ಮಾರಿದ ಯಾವ ಟೈರೂ ಇಪ್ಪತ್ತೊಂಬತ್ತು ವರ್ಷ ಬಾಳಿಕೆ ಬಂದಿಲ್ಲ.

ಐದು ಸಾವಿರದ ದೇಣಿಗೆ ಚೀಟಿ ಹರಿದು ಕೊಟ್ಟು ಹೋದ.

ಡಿಸೆಂಬರ್ 17

ಇವತ್ತು ಎಡಗಡೆಯ ಕ್ರ್ಯಾಂಕ್ ಬಿಚ್ಚಿದೆ. ಪೆಡಲ್ ಹಿಡಿದಿರುವ ಕಬ್ಬಿಣದ ತೋಳು ಅದು. ಅದನ್ನು ನಡುವಿನ ಅಚ್ಚಿಗೆ ಬಿಗಿಯುವುದು ಕಿರುಬೆರಳಿನಷ್ಟು ದಪ್ಪದ ಒಂದು ಕಾಟರ್ ಪಿನ್. ಡೀಸೆಲ್ ಸುರಿದು, ಹೊಡೆದು ಹೊಡೆದು, ಒಂದು ತಾಸಿಗೆ ಪಿನ್ ಹೊರಗೆ ಬಂತು. ಅದರ ಜೊತೆಗೆ ತಗಡಿನ ಒಂದು ಚೂರೂ ಬಂತು. ಒರೆಸಿದೆ. ಕೆಂಪು ಬಣ್ಣ, ಅದರ ಮೇಲೆ ಅರ್ಧ ಗುಲಾಬಿ ಹೂವು.

ಟ್ಯೂಬಿಗೆ ಹಚ್ಚುವ ಪೌಡರಿನ ಡಬ್ಬಿ ಅದು. ನನ್ನ ಅಂಗಡಿಯದು.

ಶರ್ಯತ್ತಿನ ಹಿಂದಿನ ದಿನ ಹೊಸ ಪಿನ್ ತೀರಿಹೋಗಿತ್ತು. ತರಲು ಗೋಕಾಕಕ್ಕೆ ಹೋಗಬೇಕು, ಅರ್ಧ ದಿನದ ದಂಧೆ ಹಾಳು. ಸವೆದ ಹಳೆಯದೊಂದನ್ನು ಅರದಿಂದ ತಿಕ್ಕಿ, ಸಡಿಲಾಗದಿರಲೆಂದು ತಗಡು ಸುತ್ತಿ ಹೊಡೆದು ಕೂರಿಸಿದೆ. ಒಂದು ದಿನಕ್ಕೆ ಸಾಕು ಅಂದುಕೊಂಡೆ. ಊರ ಲೆಕ್ಕದಲ್ಲಿ 'ಹೊಸ ಪಿನ್, 6 ರೂಪಾಯಿ' ಎಂದು ಬರೆದೆ.

ಪಿನ್ ಒಂದು ಕಡೆ ಪೂರ್ತಿ ಜಜ್ಜಿಹೋಗಿದೆ. ನಿಂತು ತುಳಿದಾಗ ಕ್ರ್ಯಾಂಕ್ ಜಾರಿದೆ, ಜಾರಿ ಮತ್ತೆ ಕಚ್ಚಿ ನಿಂತಿದೆ. ಪೆಡಲ್ ಸರೀತು ಅಂದಿದ್ದ. ಸರಿದಿದೆ.

ನನಗೆ ಆಗ ಗೊತ್ತಿರಲಿಲ್ಲ. ಗೊತ್ತಿದ್ದರೆ ಹೇಳುತ್ತಿದ್ದೆ.

ಡಿಸೆಂಬರ್ 18

ಸೈಕಲ್ ಕೆಲಸ ಇಲ್ಲ.

ಡಿಸೆಂಬರ್ 29

ಹದಿನೇಳರಂದು ಬರೆದದ್ದನ್ನು ಇವತ್ತು ಓದಿದೆ. ಕೊನೆಯ ಸಾಲು ತಪ್ಪು.

ಸೈಕಲ್ಲಿನ ಎರಡು ಕ್ರ್ಯಾಂಕುಗಳು ಒಂದಕ್ಕೊಂದು ನೇರಾನೇರ ನಿಲ್ಲಬೇಕು. ಒಂದು ಮೇಲಿದ್ದರೆ ಇನ್ನೊಂದು ಸರಿಯಾಗಿ ಕೆಳಗೆ. ಆ ಬೆಳಿಗ್ಗೆ ಬಸವಣ್ಣೆಪ್ಪನವರ ಮುಂದೆ ನಾನು ಪೆಡಲ್ ತಿರುವಿದಾಗ ಎಡಗಡೆಯದು ಎರಡು ಬೆರಳಷ್ಟು ತಪ್ಪಿ ನಿಂತಿತ್ತು. ಹಿರಿಯರಿಗೆ ತಿಳಿಯಲಿಲ್ಲ, ಅವರು ಒಕ್ಕಲುತನದವರು. ಎಂಥ ಕಚ್ಚಾ ಮಿಸ್ತ್ರಿಗೂ ಅದು ಕಾಣುತ್ತದೆ. ನನಗೆ ಕಂಡಿತು. ಅಂಗಡಿ ಹಾಕಿ ಎರಡು ವರ್ಷ ಆಗಿತ್ತು, ಮಸಗುಪ್ಪಿಯ ಅರ್ಧ ಊರು ನನ್ನ ಗಿರಾಕಿ. ಬರೋಬ್ಬರಿ ಐತ್ರಿ ಅಂದೆ.

ಹಾಗೆ ನೋಡಿದರೆ ಅಟ್ಟದ ಮೇಲೆ ಗೋಣಿಚೀಲ ಮುಚ್ಚಿದವನೂ ನಾನೇ. ಬೇರೆ ಯಾವ ಗಿರಾಕಿಯ ಸೈಕಲ್ಲಿಗೂ ಗೋಣಿಚೀಲ ಮುಚ್ಚಿದ ನೆನಪಿಲ್ಲ.

ಎರಡೂ ಕಡೆ ಹೊಸ ಪಿನ್ ಹಾಕಿದೆ. ಅರವತ್ತು ರೂಪಾಯಿ. ಸೀಟೂ ಬಿಟ್ಟುಕೊಂಡಿತು. ಒಟ್ಟು 2,610.

ಸಂಜೆ ಸಮ್ರೀನ ಓಡಿಬಂದಳು. "ಅಬ್ಬಾ, ಬೆಳಗಾವಿ ಗಿರಾಕಿ ಹದಿನಾಲ್ಕ ಸಾವಿರಕ್ಕ ಒಪ್ಪ್ಯಾನ!"

"ಕೊಡಾಂಗಿಲ್ಲ ಅನ್ನು."

"ಯಾಕ?"

"ರೇಟ್ ಕಡಿಮಿ ಆತು."

ನಾಜಿಯಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು. ನಾನು ವ್ಯಾಪಾರ ಬಿಟ್ಟದ್ದನ್ನು ಅವಳು ಮೊದಲ ಸಲ ನೋಡುತ್ತಿದ್ದಳು.

ಜನವರಿ 12, 2025

ಪರಿಚಯದ ಟೆಂಪೋದಲ್ಲಿ ಸೈಕಲ್ ಹೇರಿಕೊಂಡು ಗೋಕಾಕ ಫಾಲ್ಸಿಗೆ ಹೋದೆ. ದಾರಿಯುದ್ದಕ್ಕೂ ಮಾತು ಹೊಂದಿಸಿಕೊಂಡೆ. ಮೊದಲು ಒಂದು ನಗೆಮಾತು, ಆಮೇಲೆ ಹಳೆಯ ಸಾಲಿಯ ಸುದ್ದಿ, ಆಮೇಲೆ ಮೆಲ್ಲಗೆ ವಿಷಯ. ಎಂಥ ಗಿರಾಕಿಯನ್ನೂ ಹಾಗೆಯೇ ಬಗ್ಗಿಸಿದವನು ನಾನು.

ಗಿರಣಿಯ ಸದ್ದಿಗೆ ಏನೂ ಕೇಳಿಸುತ್ತಿರಲಿಲ್ಲ. ಅವನ ಹೆಂಡತಿ ಪಾರವ್ವ ನನ್ನನ್ನು ಗುರುತಿಸಲಿಲ್ಲ, ಸೈಕಲ್ಲನ್ನು ಗುರುತಿಸಿದಳು. ಒಳಗೆ ಹೋಗಿ ಗಿರಣಿ ಬಂದ್ ಮಾಡಿದಳು. ಬೀರಸಿದ್ದಪ್ಪ ಹೊರಗೆ ಬಂದ. ಹುಬ್ಬು, ಮೀಸೆ, ತಲೆ ಎಲ್ಲ ಬೆಳ್ಳಗೆ. ನನಗಿಂತ ಬಹಳ ಮುದುಕನಾಗಿದ್ದಾನೆ ಅಂದುಕೊಂಡೆ. ಮುಖ ಒರೆಸಿಕೊಂಡ. ಅದು ಹಿಟ್ಟು.

"ಏನ ನಬಿ, ಗೋದಿ ತಂದೀಯೇನು?"

ಹೊಂದಿಸಿದ ಮಾತು ಒಂದೂ ಬರಲಿಲ್ಲ. ಪಿನ್ನನ್ನೂ ತಗಡನ್ನೂ ಕಾಗದ ಬಿಚ್ಚಿ ಅವನ ಅಂಗೈಯಲ್ಲಿ ಇಟ್ಟೆ.

"ಯಾವ ಕಡೇದು?"

"ಎಡಗಡೇದು."

"ನೀ ಹಾಕಿದ್ದು?"

"ನಾನ ಹಾಕಿದ್ದು. ಊರವರು ತೋರಸಾಕ ತಂದಾಗ ಎರಡ ಬೆರಳ ಸರದಿತ್ತು. ಅದನ್ನೂ ನೋಡಿದ್ನಿ. ನೋಡಿ ಬರೋಬ್ಬರಿ ಐತಿ ಅಂದ್ನಿ."

ಹೊಡೆಯುತ್ತಾನೆ ಅಂದುಕೊಂಡಿದ್ದೆ. ಹೊಡೆದಿದ್ದರೆ ಲೆಕ್ಕ ಸುಲಭವಾಗುತ್ತಿತ್ತು. ಅವನು ತನ್ನ ಎಡಗಾಲನ್ನು ನೋಡಿಕೊಂಡ.

"ಮೊದಲ ನನಗ ನೆನಪಿತ್ತೋ, ಪೆಡಲ್ ಸರೀತು ಅಂತ," ಅಂದ. "ಆಮ್ಯಾಲ ಹತ್ತ ಮಂದಿ ಹತ್ತ ಸಲ ಅಂದ್ರು. ನೀ ಮಿಸ್ತ್ರಿ, ನೀನೂ ಅಂದಿ. ರೊಕ್ಕಾ ತಿಂದಿಲ್ಲ ಅಂತ ಗೊತ್ತಿತ್ತು. ಆದರ ಸೈಕಲ್ ಬರೋಬ್ಬರಿ ಇತ್ತಂದ್ರ ನಾ ಯಾಕ ಬಿದ್ನಿ? ಊರು ಕಾಣತಿದ್ದಂಗ ಹೆದರಿ ನಾನ ಕಾಲ ಬಿಟ್ಟಿರಬೇಕು ಅಂತ ತಿಳಕೊಂಡ್ನಿ. ಪಾರೀಗೂ ಹಂಗ ಹೇಳೀನಿ, 'ನಾ ಅಂಜಬುರುಕ, ನನ್ನ ನಂಬಿ ಯಾವ ದೊಡ್ಡ ಕೆಲಸಕ್ಕೂ ಕೈ ಹಾಕಬ್ಯಾಡ' ಅಂತ."

ಪಾರವ್ವ ಬಾಗಿಲಲ್ಲಿ ನಿಂತಿದ್ದಳು. "ಇದನ್ನಿನ್ನ ದೊಡ್ಡದ ಮಾಡೂಣು, ಇನ್ನೊಂದ ಗಿರಣಿ ಹಾಕೂಣು ಅಂತ ಎಷ್ಟ ಸಲ ಬಡಕೊಂಡೇನ್ರಿ ಅಣ್ಣಾರ," ಅಂದಳು. "ಒಮ್ಮೆನೂ ಹೂಂ ಅನ್ನಲಿಲ್ಲ. ಅತ್ತಿ ಸತ್ತಾಗ ಮಸಗುಪ್ಪಿಗೆ ಹೋಗಿದ್ವಿ. ಹೆಣದ ಮುಂದ ಕುಂತಾಗೂ ಹುಡುಗೂರು ಇವರ ಹೆಸರ ತಗದ ನಕ್ಕರ್ರಿ."

ಅವನು ಸೈಕಲ್ ಎತ್ತಿ ಹಿಂದಿನ ಗಾಲಿ ತಿರುವಿದ. "ಔಟ್ ಐತಿ," ಅಂದ. ನನ್ನ ಚೀಲದಿಂದ ಸ್ಪೋಕ್ ಕೀಲಿ ತೆಗೆದುಕೊಂಡು ಕುಳಿತ. ಹಿಡಿಯಲು ಹೋದೆ. "ನೀ ಮುಟ್ಟಬ್ಯಾಡ," ಅಂದ. ಸಿಟ್ಟಿನಿಂದಲ್ಲ. ಬಿಸಿ ಪಾತ್ರೆ ಮುಟ್ಟಬೇಡ ಎಂದು ಹೇಳಿದ ಹಾಗೆ. ಒಂದು ತಾಸು ಕೂತು ಗಾಲಿಯನ್ನು ನೇರ ಮಾಡಿದ, ಆಮೇಲೆ ನಾನು ಬಿಗಿದ ಒಂದೊಂದು ನಟ್ಟನ್ನೂ ಮತ್ತೆ ತಾನೇ ಬಿಗಿದ. ನಾನು ಬಾಜೂ ನಿಂತು ನೋಡಿದೆ.

ಇಪ್ಪತ್ತಾರಕ್ಕೆ ಮಸಗುಪ್ಪಿಗೆ ಬಾ, ಎಲ್ಲರ ಮುಂದೆ ಹೇಳುತ್ತೇನೆ ಅಂದೆ. "ನಾ ಬರಾಂಗಿಲ್ಲ. ನೀ ಹೇಳಾವ ಇದ್ರ ಹೇಳು," ಅಂದ.

ಸೈಕಲ್ಲನ್ನು ಅಲ್ಲೇ ಬಿಟ್ಟು ಬಂದೆ. ಇಟ್ಟುಕೋ ಎನ್ನಲು ನನಗೆ ಬಾಯಿ ಬರಲಿಲ್ಲ, ಒಯ್ಯಿ ಎಂದು ಅವನೂ ಅನ್ನಲಿಲ್ಲ. ಖರ್ಚು 2,860ಕ್ಕೆ ಮುಗಿಯಿತು. ಉಳಿದ ನೂರಾ ನಲವತ್ತನ್ನು ನಾಜಿಯಾಳಿಗೆ ವಾಪಸ್ ಕೊಟ್ಟೆ. ಜ್ವರ ಇದೆಯೇ ಎಂದು ಹಣೆ ಮುಟ್ಟಿ ನೋಡಿದಳು. ಅವಳಿಗೆ ಎಲ್ಲ ಹೇಳಿದೆ. ಕೈಯಲ್ಲಿದ್ದ ನೂರಾ ನಲವತ್ತನ್ನು ಅವಳು ಇನ್ನೊಮ್ಮೆ ಎಣಿಸಿದಳು. "ಆರ ರೂಪಾಯಿ," ಅಂದಳು ಕೊನೆಗೆ.

ಜನವರಿ 26

ಮೈಕು ಹಿಡಿದು ಎಲ್ಲ ಹೇಳಿದೆ. ಪಿನ್ನು, ತಗಡು, ಆರು ರೂಪಾಯಿ, ಎರಡು ಬೆರಳು. 'ಅಂವಾ ಇಳದಾನ' ಅಂದವನು ನಾನೇ ಎಂಬುದನ್ನೂ ಬಿಡಲಿಲ್ಲ. ಬಾಯಿ ತೆರೆದಾಗಲೇ ಜನ ನಗಲು ತಯಾರಾಗಿದ್ದರು, ನನ್ನ ಭಾಷಣ ಎಂದರೆ ಹಾಗೆ. ನಡುವೆ ಸುಮ್ಮನಾದರು. ಮುಗಿಸಿದೆ.

ಚಪ್ಪಾಳೆ ತಟ್ಟಿದರು.

ಸಾಗರ ಮೈಕು ಕಸಿದುಕೊಂಡ. "ನೋಡ್ರಿ, ನಬಿಲಾಲ ಕಾಕಾರ ಮನಸ ಎಷ್ಟ ದೊಡ್ಡದು! ಗೆಳ್ಯಾನ ಮಾನ ಉಳಸಾಕ ತಪ್ಪೆಲ್ಲಾ ತಮ್ಮ ತಲಿ ಮ್ಯಾಲ ಹಾಕ್ಕೊಂಡ್ರು!"

"ಲೇ, ನಾ ಖರೇನ ಹೇಳಾಕತ್ತೇನಿ," ಎಂದು ಕೂಗಿದೆ. ಚಪ್ಪಾಳೆ ಇನ್ನೂ ಜೋರಾಯಿತು. ಶಾಲು ಹೊದಿಸಿದರು, ರುಮಾಲು ಸುತ್ತಿದರು. ಇಳಿದು ಬರುವಾಗ ಇಬ್ಬರು ಟ್ರ್ಯಾಕ್ಟರ್ ಟೈರಿನ ರೇಟ್ ಕೇಳಿದರು.

ಒಬ್ಬನ ಮಾನ ತೆಗೆಯಲು ನನಗೆ ಒಂದು ಸಾಲು ಸಾಕಾಗಿತ್ತು.

ಜನವರಿ 28

ಫಾಲ್ಸಿಗೆ ಹೋಗಿ ಆದದ್ದನ್ನು ಹೇಳಿದೆ. ಬೀರಸಿದ್ದಪ್ಪ ಮೊದಲು ನಕ್ಕ. "ಶಾಲ ಹೆಂತಾದಪಾ, ಚಲೋ ಐತೇನು?" ಅಂದ. ಆಮೇಲೆ ನಗಲಿಲ್ಲ.

ಪಾರವ್ವ ಹಿಟ್ಟಿನ ಜರಡಿ ಕೆಳಗಿಟ್ಟಳು. "ಅಣ್ಣಾರ, ಆವಾಗ ಮೈಕ್ ಇತ್ತೇನ್ರಿ? ಅಂಗಡ್ಯಾಗ ಕುಂತು ಬಂದ ಬಂದವರಿಗೆ ಒಬ್ಬೊಬ್ಬರಿಗೆ ಹೇಳಿದ್ರಲ್ಲ. ಈಗೂ ಹಂಗ ಹೇಳ್ರಿ. ಒಂದೊಂದ ಮನಿಗೆ ಹೋಗಿ, ಎದುರಾ ಎದುರ ಕುಂತು."

"ಬಿಡ ಪಾರಿ, ಅಂವಗೂ ದಂಧೆ ಐತಿ," ಅಂದ ಅವನು.

"ಯಾಕ ಬಿಡಲಿ? ನಿಮಗ ದಂಧೆ, ಊರು ಏನೂ ಇರಲಿಲ್ಲೇನು?"

ಬೀರಸಿದ್ದಪ್ಪ ಜರಡಿ ಎತ್ತಿಕೊಂಡು ಒಳಗೆ ಹೋದ.

ಫೆಬ್ರವರಿ 9

ಅಂಗಡಿ ಬಂದ್ ಇಟ್ಟು ಮಸಗುಪ್ಪಿಗೆ ಹೋದೆ. ನಗೆಮಾತು ಆಡಬಾರದು ಎಂದು ಬಸ್ಸಿನಲ್ಲೇ ಗಟ್ಟಿ ಮಾಡಿಕೊಂಡಿದ್ದೆ.

ಮೊದಲು ಸಿದ್ರಾಯನ ಮನೆ. ಶರ್ಯತ್ತಿನ ದಿನ ಬೀರಸಿದ್ದಪ್ಪನ ಮೇಲೆ ಸಗಣಿ ಎಸೆದವರಲ್ಲಿ ಅವನೂ ಒಬ್ಬ. ಎಲ್ಲ ಕೇಳಿ, "ಆತ ಬಿಡ್ರಿ ನಬಿಲಾಲಣ್ಣ, ಹಳೇ ಮಾತು. ಚಹಾ ಕುಡೀರಿ," ಅಂದ. ಚಹಾ ಬಂತು, ಕುಡಿದೆ.

ಆಮೇಲೆ ಮರೆವ್ವನ ಮನೆ. ಎಂಬತ್ತರ ಮುದುಕಿ, ಆಗ ಪಟ್ಟಿಗೆ ಎರಡು ಕೋಳಿ ಮಾರಿ ಹಣ ಕೊಟ್ಟಿದ್ದಳು. ನನ್ನ ಗದ್ದ ಮುಟ್ಟಿ, "ನಿನ್ನಂಥಾ ಮನಷ್ಯಾ ಈ ಕಾಲದಾಗ ಸಿಗಾಂಗಿಲ್ಲ ನೋಡ ಮಗನ," ಅಂದಳು. ಚಹಾದ ಜೊತೆ ಚುರಮುರಿಯನ್ನೂ ಕೊಟ್ಟಳು.

ಮೂರನೆಯದು ಬಸವಣ್ಣೆಪ್ಪನವರ ಮನೆ. ಕಣ್ಣು ಮಂಜಾಗಿದೆ, ಕಿವಿ ಚುರುಕು. ಕಟ್ಟೆಯ ಮೇಲೆ ಎದುರು ಕೂರಿಸಿಕೊಂಡು ಕೇಳಿದರು. ಎರಡು ಬೆರಳಿನ ಮಾತು ಬಂದಾಗ, "ಎಷ್ಟ?" ಎಂದು ಕೇಳಿದರು. ಬೆರಳು ತೋರಿಸಿದೆ. ನನ್ನ ಕೈ ಹಿಡಿದು ಆ ಬೆರಳುಗಳನ್ನು ಮುಟ್ಟಿ ನೋಡಿದರು. ಅಷ್ಟರಲ್ಲಿ ಸೊಸೆ ತಾಟಿನಲ್ಲಿ ಚಹಾ ತಂದಳು. ಅವರು ಕೈ ಎತ್ತಿ ಅವಳನ್ನು ಬಾಗಿಲಲ್ಲೇ ತಡೆದರು. "ಒಳಗ ಒಯ್ಯಿ."

ಆಮೇಲೆ ನನ್ನ ಕಡೆ ತಿರುಗಿದರು.

"ಆ ಹುಡುಗನ ಕಪಾಳಕ್ಕ ಹೊಡದೇನಿ ನಾ. ಅವರವ್ವನ ಮುಂದ, ಊರ ಮುಂದ. ಪೆಡಲ್ ಸರೀತ್ರಿ, ಪೆಡಲ್ ಸರೀತ್ರಿ ಅಂತ ನನ್ನ ಕಾಲ ಹಿಡದಿದ್ದ. ನಿನ್ನ ಮಾತ ಕೇಳಿ ಹೊಡದ್ನಿ." ಗೋಡೆ ಹಿಡಿದು ಎದ್ದು ನಿಂತರು. "ಏಳ. ನನ್ನ ಕಟ್ಟಿ ಇಳಿ. ಇನ್ನೊಮ್ಮೆ ಈ ಮನಿಗೆ ಬರಬ್ಯಾಡ."

ಇಳಿದೆ. ಚಪ್ಪಲಿ ಹುಡುಕುವಾಗ ಅವರು ಒಳಗೆ ಮೊಮ್ಮಗನನ್ನು ಕೂಗುವುದು ಕೇಳಿಸಿತು. ಗೋಕಾಕ ಫಾಲ್ಸಿಗೆ ಕರೆದುಕೊಂಡು ಹೋಗು, ಈಗಲೇ ಗಾಡಿ ತೆಗಿ ಎನ್ನುತ್ತಿದ್ದರು.

ಈ ಊರಿನಲ್ಲಿ ಚಹಾ ಕುಡಿಸದೆ ನನ್ನನ್ನು ಹೊರಗೆ ಹಾಕಿದ ಮೊದಲ ಮನೆ ಅದು. ಅವರೊಬ್ಬರೇ ನಂಬಿದ್ದಾರೆ.

ಸಿದ್ರಾಯನ ಮನೆಗೂ ಮರೆವ್ವನ ಮನೆಗೂ ಇನ್ನೊಮ್ಮೆ ಹೋಗಬೇಕು.